ಗೊಂಬೆಗಳ ಕೆಳಗಿನ ಊರು

ಆಗೆಲ್ಲ ಅಮೆರಿಕದ ಸ್ಕೋಕಿಯಲ್ಲಿ ಕನ್ನಡದವರು ಬೇಕೆಂದರೆ ಟೆಲಿಫೋನ್ ಡೈರೆಕ್ಟರಿ ತೆಗೆದು ರಾವ್, ಮೂರ್ತಿ ಅಂತ ಹುಡುಕಬೇಕಿತ್ತು. ಸಿಕ್ಕವರು ತೆಲುಗಿನವರೆಂದು ಗೊತ್ತಾದರೂ ಅಪ್ಪ ಹತ್ತು ನಿಮಿಷ ಮಾತಾಡಿಯೇ ಫೋನ್ ಇಡುತ್ತಿದ್ದರು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪ ಆಸ್ಪತ್ರೆಯಲ್ಲಿ ಡಾಕ್ಟರು. ನಾವಿದ್ದದ್ದು ಒಂದು ಇಟ್ಟಿಗೆ ಕಟ್ಟಡದ ಎರಡನೇ ಮಹಡಿಯಲ್ಲಿ. ಆ ದಿನಗಳನ್ನು ನೆನೆದು ಕಣ್ಣು ಒದ್ದೆ ಮಾಡಿಕೊಳ್ಳುವವರು ನನ್ನ ವಾರಿಗೆಯವರಲ್ಲಿ ಬೇಕಾದಷ್ಟಿದ್ದಾರೆ. ಮೊದಲ ಹಿಮ, ಹೈವೇ ಪಕ್ಕದಲ್ಲಿ ಬಿಚ್ಚಿದ ಚಿತ್ರಾನ್ನದ ಡಬ್ಬಿ, ಎಲ್ಲ ನನಗೂ ನೆನಪಿದೆ. ಆದರೆ ನನಗೆ ಹತ್ತು ವರ್ಷವಾಗಿದ್ದಾಗಿನ ಆ ದಸರಾ ನೆನಪಾದರೆ ಬಾಯಿ ಕಹಿಯಾಗುತ್ತದೆ.

ನಮ್ಮ ಮೇಲಿನ ಮನೆಯವರು ಫಿಲಿಪ್ಪೀನ್ಸಿನವರು. ಅಲ್ಲಿನ ಹುಡುಗಿ ಟೆಸ್ಸಿ ನನ್ನ ತರಗತಿಯವಳು, ಅವಳಮ್ಮ ನರ್ಸು. ಜೊತೆಗೆ ಅಜ್ಜಿ. ಅವರ ಭಾಷೆಯಲ್ಲಿ ಅಜ್ಜಿಗೆ ಲೋಲಾ ಅನ್ನುತ್ತಾರೆ, ನಾನೂ ಲೋಲಾ ಅಂತಲೇ ಕರೆಯುತ್ತಿದ್ದೆ. ಅವರು ಒಣಮೀನು ಹುರಿದ ದಿನ ವಾಸನೆ ಮೆಟ್ಟಿಲಿಳಿದು ನಮ್ಮ ಬಾಗಿಲಿಗೆ ಬರುತ್ತಿತ್ತು. ಅಮ್ಮ ಬಾಗಿಲ ಸಂದಿಗೆ ಟವೆಲ್ ತುರುಕಿ ಊದುಬತ್ತಿ ಹಚ್ಚುತ್ತಿದ್ದಳು.

"ಸ್ಕೂಲಲ್ಲಿ ಎಷ್ಟಾದ್ರೂ ಆಡ್ಕೋ ವಾಣಿ. ಮೇಲ್ಗಡೆ ಮನೆಗೆ ಮಾತ್ರ ಕಾಲಿಡಬೇಡ."

ನಾನು ಲೈಬ್ರರಿಗೆ ಹೋಗ್ತೀನಿ ಅಂತ ಹೇಳಿ ಮೇಲಕ್ಕೆ ಹತ್ತುತ್ತಿದ್ದೆ. ಲೋಲಾ ನನಗೆಂದೇ ಬೇರೆ ಬಾಣಲೆಯಲ್ಲಿ ಬೆಳ್ಳುಳ್ಳಿ ಹಾಕಿ ಅನ್ನ ಹುರಿದುಕೊಡುತ್ತಿದ್ದರು. ಅದರಲ್ಲಿ ಮೀನಿನ ಚೂರೂ ಇರುತ್ತಿರಲಿಲ್ಲ. ಆ ರುಚಿ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಲೋಲಾ ತಮ್ಮೂರಿನಲ್ಲಿ ಮೂವತ್ತು ವರ್ಷ ಟೀಚರಾಗಿದ್ದವರು. ಸಾನ್ ತೆಲ್ಮೋ ಅಂತ ಊರು. ಅನ್ನ ಉಂಡಾದ ಮೇಲೆ ಮರದ ಸ್ಕೇಲು ಹಿಡಿದು ನಮಗಿಬ್ಬರಿಗೂ ಪಾಠ. ಊರ ಮುಂದೆ ಕುಡುಗೋಲಿನಂತೆ ಬಾಗಿದ ಕೊಲ್ಲಿ. ಹಿಂದೆ ಜ್ವಾಲಾಮುಖಿ ಬೆಟ್ಟ, ಅದರಿಂದಲೇ ಅಲ್ಲಿನ ಮರಳು ಕಪ್ಪು. ಬೆಟ್ಟದಿಂದಿಳಿಯುವ ನದಿ ಒಂದು ಬಿರುಗಾಳಿಯ ವರ್ಷ ತನ್ನ ಅಳಿವೆಯನ್ನೇ ಬದಲಿಸಿಕೊಂಡಿತ್ತು. ದಡದಲ್ಲೊಂದು ಕಾವಲು ಗೋಪುರ. ಜನರನ್ನು ಹಿಡಿದೊಯ್ಯುವವರ ದೋಣಿ ಕಂಡರೆ ಹಿಂದೆಲ್ಲ ಅಲ್ಲಿಂದ ಗಂಟೆ ಹೊಡೆಯುತ್ತಿದ್ದರಂತೆ. ಸ್ಪೇನಿನವರು ಹವಳದ ಕಲ್ಲಿನಿಂದ ಚರ್ಚು ಕಟ್ಟಿದರು. ಯುದ್ಧದಲ್ಲಿ ಜಪಾನಿನವರು ಬಂದರು, ಅವರನ್ನು ಓಡಿಸಲು ಅಮೆರಿಕದ ಹಡಗುಗಳು ಬಂದವು, ಇವರಿಬ್ಬರ ನಡುವೆ ಚರ್ಚಿನ ಒಂದು ಗೋಡೆ ಉಳಿಯಿತು. ಉಳಿದ ಕೆಲಸ ಸಮುದ್ರ ಮಾಡಿತು. ವರ್ಷ ವರ್ಷ ಒಳಗೆ ಬಂದು ಎರಡು ಬೀದಿ ತಿಂದಿತ್ತು.

"ಮೂರನೇ ಬೀದಿಯಲ್ಲಿ ಯಾರ ಮನೆ?" ಎಂದು ಲೋಲಾ ಸ್ಕೇಲು ಎತ್ತುತ್ತಿದ್ದರು.

"ಲೋಲಾ ಮನೆ," ಎಂದು ನಾವಿಬ್ಬರೂ ಕೂಗುತ್ತಿದ್ದೆವು. ಅವರು ಅಮೆರಿಕಕ್ಕೆ ಬಂದ ಮರುವರ್ಷ ಆ ಬೀದಿಯೂ ನೀರುಪಾಲಾಗಿತ್ತು.

ಆ ಅಕ್ಟೋಬರ್‌ನಲ್ಲಿ ಟೀಚರು ಇಬ್ಬಿಬ್ಬರು ಸೇರಿ ಒಂದು ಕರಾವಳಿಯ ಊರಿನ ಬಗ್ಗೆ ಪ್ರಾಜೆಕ್ಟ್ ಮಾಡಿ ಎಂದರು. ಉಳಿದವರು ಎನ್‌ಸೈಕ್ಲೋಪೀಡಿಯಾ ತೆರೆದು ಬೋಸ್ಟನ್, ವೆನಿಸ್ ಅಂತ ಬರೆದುಕೊಂಡರು. ನಾವು ಸಾನ್ ತೆಲ್ಮೋ ಎಂದೆವು. ಅದು ಯಾವ ಪುಸ್ತಕದಲ್ಲೂ ಇರಲಿಲ್ಲ. ಮೈದಾ, ಉಪ್ಪು, ನೀರು ಕಲಸಿ ಅಗಲವಾದ ತಟ್ಟೆಯ ಮೇಲೆ ಬೆಟ್ಟ, ಕೊಲ್ಲಿ, ಗೋಪುರ, ಚರ್ಚು ಮಾಡಿ ಬಣ್ಣ ಹಚ್ಚಿದೆವು. ಲೋಲಾ ನೋಡಿ ಬೆರಳಿನಿಂದ ಕೊಲ್ಲಿಯ ಅಂಚು ಸವರಿದರು. ಆಮೇಲೆ ಒಳಗೆ ಹೋಗಿ ಒಂದು ಜಾಮ್ ಬಾಟಲಿ ತಂದರು. ಊರು ಬಿಟ್ಟ ದಿನ ಬೆಳಿಗ್ಗೆ ಮನೆ ಮುಂದೆ ತುಂಬಿಕೊಂಡ ಕಪ್ಪು ಮರಳು. ತಾನು ಸತ್ತಾಗ ಶವಪೆಟ್ಟಿಗೆಯೊಳಗೆ ತನ್ನ ಕೈಗೆ ಹಾಕಬೇಕೆಂದು ಮಗಳಿಗೆ ಹೇಳಿಟ್ಟದ್ದು ಅಂತ ಟೆಸ್ಸಿ ನನ್ನ ಕಿವಿಯಲ್ಲಿ ಹೇಳಿದಳು.

"ದಡವಿಲ್ಲದ ಊರು ಊರಲ್ಲ," ಎಂದು ಲೋಲಾ ಕೊಲ್ಲಿಯ ಉದ್ದಕ್ಕೂ ಅದನ್ನು ಸುರಿದರು. "ಗೋಂದು ಹಾಕಬೇಡಿ. ಸ್ಕೂಲು ಮುಗಿದ ಮೇಲೆ ಪೂರ್ತಿ ಬಾಟಲಿಗೆ ವಾಪಸ್ ಹೋಗಬೇಕು."

ಅವರ ಮನೆಯಲ್ಲಿ ತೆವಳುವ ಮಗುವಿತ್ತು, ಕೈಗೆ ಸಿಕ್ಕದ್ದೆಲ್ಲ ಬಾಯಿಗೆ. ಹಾಗಾಗಿ ಶುಕ್ರವಾರ ಸ್ಕೂಲಿಗೆ ಒಯ್ಯುವವರೆಗೆ ಒಣಗಲು ತಟ್ಟೆಯನ್ನು ನಮ್ಮನೆಗೆ ತಂದು ನನ್ನ ಕೋಣೆಯ ಕಿಟಕಿಯಲ್ಲಿಟ್ಟೆ. ಅದು ಶನಿವಾರ. ಮರುದಿನ ಪಾಡ್ಯ.

ಅಮ್ಮ ಮೈಸೂರಿನವಳು, ಗೊಂಬೆ ಕೂರಿಸದ ದಸರಾ ಅವಳಿಗೆ ದಸರಾ ಅಲ್ಲ. ರೇಷ್ಮೆ ಸೀರೆಗಳ ನಡುವೆ ಸುತ್ತಿ ತಂದ ಪಟ್ಟದ ರಾಜ ರಾಣಿ, ಏಳೆಂಟು ಚನ್ನಪಟ್ಟಣದ ಗೊಂಬೆ, ಇಷ್ಟೇ. ತವರಿನಲ್ಲಿ ಗೊಂಬೆಗಳ ಮುಂದೆ ಮಣ್ಣು ಹರಡಿ, ಸಾಸಿವೆ ಚೆಲ್ಲಿ, ಪೈರು ಬರಿಸಿ ಪಾರ್ಕ್ ಮಾಡುತ್ತಿದ್ದರು; ಅದಿಲ್ಲ ಅಂತ ಪ್ರತಿ ವರ್ಷ ಪೇಚಾಡುತ್ತಿದ್ದಳು. ಆ ಸಂಜೆ ನನ್ನ ಕೋಣೆಗೆ ಬಂದವಳು ಕಿಟಕಿಯ ಹತ್ತಿರ ನಿಂತುಬಿಟ್ಟಳು.

"ಏನೇ ಇದು? ಬೆಟ್ಟ, ನೀರು, ಗುಡಿ, ಎಲ್ಲ ಇದೆಯಲ್ಲೇ! ಗೊಂಬೆಗೆ ಅಂತ ನೀನೇ ಮಾಡಿದ್ದಾ?"

ಅಲ್ಲ ಎಂದರೆ ಯಾರದು ಅನ್ನುತ್ತಾಳೆ, ಎಲ್ಲಿ ಮಾಡಿದೆ ಅನ್ನುತ್ತಾಳೆ. ಲೈಬ್ರರಿ, ಬೆಳ್ಳುಳ್ಳಿ ಅನ್ನ, ಎಲ್ಲ ಹೊರಬರುತ್ತದೆ. ಅಮ್ಮನಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ ನಾನು ಆ ದಿನ ಕನ್ನಡದಲ್ಲಿ "ಹೂಂ" ಎಂದೆ. ಅಮ್ಮ ನನ್ನ ತಲೆ ನೇವರಿಸಿದಳು. ಅವಳ ಮುಖದಲ್ಲಿ ಅಂಥ ಸಂತೋಷ ನಾನು ಆ ದೇಶದಲ್ಲಿ ನೋಡಿರಲಿಲ್ಲ.

ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳು ತಟ್ಟೆಯನ್ನು ಗೊಂಬೆಗಳ ಕೆಳಗಿಟ್ಟು, ಹೂಕುಂಡದ ಮಣ್ಣನ್ನು ಕಪ್ಪು ಮರಳಿನ ಜೊತೆ ಕೈಯಾರೆ ಕಲಸಿ, ಊರ ತುಂಬ ಹರಡಿ, ಸಾಸಿವೆ ಚೆಲ್ಲಿ, ನೀರು ಚಿಮುಕಿಸಿದ್ದಳು. ಕೊಲ್ಲಿಯ ಜಾಗದಲ್ಲಿ ಕೈಗನ್ನಡಿ. ಚರ್ಚಿನ ಪಕ್ಕದಲ್ಲಿ ಮರದ ಆನೆ. ಉಪ್ಪಿನ ಹಿಟ್ಟು ನೀರು ಕುಡಿದು ಮರುದಿನಕ್ಕೆ ಗೋಪುರ ಕುಸಿಯಿತು, ಬೆಟ್ಟ ಜಾರಿತು. ಬುಧವಾರಕ್ಕೆ ಮೊಳಕೆ ಬಂತು. ಟೆಸ್ಸಿ ದಿನವೂ ಒಣಗಿತಾ ಅಂತ ಕೇಳುತ್ತಿದ್ದಳು, ನಾನು ಇನ್ನೂ ಇಲ್ಲ ಎನ್ನುತ್ತಿದ್ದೆ.

ಗುರುವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು. ಟೆಸ್ಸಿ ಮತ್ತು ಲೋಲಾ, ಪ್ರಾಜೆಕ್ಟಿನ ತಟ್ಟೆ ಒಯ್ಯಲು ಬಂದಿದ್ದರು. ಲೋಲಾ ಬಾಯಿ ತೆರೆಯುವ ಮೊದಲೇ ಅಮ್ಮ ಅವರ ಕೈ ಹಿಡಿದಳು. ನವರಾತ್ರಿಯಲ್ಲಿ ಬಾಗಿಲಿಗೆ ಬಂದ ಹೆಂಗಸನ್ನು ಹಾಗೇ ಕಳಿಸುವ ಪದ್ಧತಿ ಅವಳಿಗಿರಲಿಲ್ಲ. ಮಣೆ ಹಾಕಿ ಕೂರಿಸಿದಳು, ಕುಂಕುಮ ಇಟ್ಟಳು, ಕೋಸಂಬರಿ ಕೊಟ್ಟಳು. ನಾನು ಯಾವ ಭಯಕ್ಕೆ ಸುಳ್ಳು ಹೇಳಿದ್ದೆನೋ ಆ ಭಯ ನನ್ನ ಕಣ್ಣ ಮುಂದೆಯೇ ಸುಳ್ಳಾಯಿತು. ಅವರಿಬ್ಬರೂ ಆಡಿದ್ದು ಇಂಗ್ಲಿಷು, ನನ್ನ ನೆನಪಿನಲ್ಲಿ ಮಾತ್ರ ಅದು ಕನ್ನಡವಾಗಿ ಉಳಿದಿದೆ.

"ನೋಡಿ ಆಂಟಿ, ಈ ಪಾರ್ಕ್ ನನ್ನ ಮಗಳೇ ಮಾಡಿದ್ದು," ಎಂದಳು ಅಮ್ಮ.

ಲೋಲಾ ಬಗ್ಗಿ ನೋಡಿದರು. ಪೈರಿನ ನಡುವೆ ಬೆರಳಿಟ್ಟು ಚೂರು ಮಣ್ಣೆತ್ತಿ ಉಜ್ಜಿದರು. ಟೆಸ್ಸಿ ನನ್ನನ್ನೇ ನೋಡುತ್ತಿದ್ದಳು. ನಾನು ಆನೆಯನ್ನು ನೋಡುತ್ತಿದ್ದೆ.

"ಬಹಳ ಚೆನ್ನಾಗಿದೆ," ಎಂದರು ಲೋಲಾ. ದೇವರ ಗೂಡಿನಲ್ಲಿದ್ದ ಪುಟ್ಟ ತಾಮ್ರದ ತಂಬಿಗೆ ತೋರಿಸಿ ಕೇಳಿದರು, "ಅದೇನು, ಬಾಯಿ ಮುಚ್ಚಿ ಬೆಸುಗೆ ಹಾಕಿದ್ದೀರಿ?"

"ಗಂಗಾಜಲ. ನಮ್ಮತ್ತೆ ಕಾಶಿಯಿಂದ ತಂದದ್ದು. ಸಾಯೋ ಹೊತ್ತಿಗೆ ಬಾಯಿಗೆ ಬಿಡ್ತಾರೆ. ಇಲ್ಲೇ ಸತ್ತರೂ ಇರಲಿ ಅಂತ ಜೊತೇಲೇ ತಂದೆ."

"ನನ್ನ ಹತ್ತಿರವೂ ಅಂಥದ್ದೊಂದು ಇತ್ತು. ನಮ್ಮೂರಿನ ಮರಳು."

"ಅಯ್ಯೋ, ಇತ್ತಾ? ಎಲ್ಲಿ ಹೋಯ್ತು ಆಂಟಿ?"

ಲೋಲಾ ನನ್ನ ಕಡೆ ತಿರುಗಿದರು. ಪಾಠ ಒಪ್ಪಿಸುವ ಮಕ್ಕಳಿಗೆ ಕೊಡುವಷ್ಟು ಸಮಯ ಕೊಟ್ಟರು. ನಾನು ಆನೆಯನ್ನು ಎತ್ತಿ ಮತ್ತೆ ಅಲ್ಲೇ ಇಟ್ಟೆ.

"ಎಲ್ಲೋ ಕೈತಪ್ಪಿತು," ಎಂದು ಎದ್ದರು. ಅಮ್ಮ ಕೊಟ್ಟ ಎಲೆ ಅಡಿಕೆಯನ್ನು ಕಣ್ಣಿಗೊತ್ತಿಕೊಂಡು ಟೆಸ್ಸಿಯ ಕೈ ಹಿಡಿದು ಮೆಟ್ಟಿಲು ಹತ್ತಿದರು.

ಮರುದಿನ ಟೆಸ್ಸಿ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಊರು ಬರೆದು ಒಬ್ಬಳೇ ಮಾತಾಡಿದಳು. ನಾನು ಪಕ್ಕದಲ್ಲಿ ಕಂಬದಂತೆ ನಿಂತಿದ್ದೆ. ಟೀಚರು ಇಬ್ಬರಿಗೂ ಒಂದೇ ಗ್ರೇಡ್ ಕೊಟ್ಟರು. ಹಬ್ಬ ಮುಗಿದ ಮೇಲೆ ಅಪ್ಪ ಕಾರಿನಲ್ಲಿ ಮಿಷಿಗನ್ ಸರೋವರಕ್ಕೆ ಕರೆದೊಯ್ದರು, ಅಮ್ಮ ತಟ್ಟೆಯನ್ನು ನನ್ನ ಕೈಗೇ ಕೊಟ್ಟಳು, ಪೈರು ಮಣ್ಣು ಎಲ್ಲವನ್ನೂ ನೀರಿಗೆ ಬಿಟ್ಟೆ. ಆಗಲೂ ಹೇಳಬಹುದಿತ್ತು. ಜರಡಿ ಹಿಡಿದಿದ್ದರೆ ಒಂದು ಹಿಡಿಯಾದರೂ ಸಿಗುತ್ತಿತ್ತೇನೋ. ಮಾರ್ಚಿನಲ್ಲಿ ಅವರು ಮಿಷಿಗನ್ ರಾಜ್ಯದ ವಿಕ್ಸಮ್‌ಗೆ ಹೋದರು. ನನಗೆ ವಿಳಾಸ ಕೊಡಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅಮ್ಮನ ಕೊನೆಯ ದಿನಗಳು ಅದೇ ರಾಜ್ಯದ ಫಾರ್ಮಿಂಗ್ಟನ್ ಹಿಲ್ಸ್‌ನ ನನ್ನ ಮನೆಯಲ್ಲಿ ಕಳೆದವು. ಲೋಲಾ ಎಲ್ಲೋ ಹತ್ತು ಮೈಲಿ ಆಚೆಯ ಮಣ್ಣಿನಲ್ಲಿದ್ದಾರೆಂದು ಗೊತ್ತಿದ್ದೂ ನಾನು ಹುಡುಕಿಕೊಂಡು ಹೋಗಿರಲಿಲ್ಲ. ಒಂದು ದಿನ ಅಮ್ಮನೇ ಕೇಳಿದಳು.

"ಸ್ಕೋಕೀಲಿ ಒಂದ್ ಪಾರ್ಕ್ ಮಾಡಿದ್ಯಲ್ಲೇ ವಾಣಿ, ಎಷ್ಟ್ ಚೆನ್ನಾಗಿತ್ತು. ಆ ಮೇಲ್ಗಡೆ ಮನೆ ಅಜ್ಜಿಗೆ ಅವರ ಮರಳು ಸಿಕ್ತಾ?"

"ಹೂಂ, ಸಿಕ್ತಮ್ಮ," ಎಂದೆ.

"ಸದ್ಯ," ಎಂದು ಕಣ್ಣು ಮುಚ್ಚಿದಳು.

ಮೂರು ದಿನದ ನಂತರ ನಾನೇ ಇಕ್ಕಳ ಹಿಡಿದು ತಂಬಿಗೆಯ ಬೆಸುಗೆ ಕಿತ್ತೆ. ಸಮುದ್ರ ದಾಟಿ ಬಂದ ನೀರು ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ಅಮ್ಮನ ಬಾಯಿಗೆ ಒಂದು ಚಮಚ ಬಿಟ್ಟೆ. ಲೋಲಾರ ಊರು ಯಾವ ಪುಸ್ತಕದಲ್ಲೂ ಇರಲಿಲ್ಲ. ಆ ಊರಿನದೆಂದು ಉಳಿದಿದ್ದದ್ದು ಒಂದು ಬಾಟಲಿ ಮರಳು, ಅದನ್ನು ಅವರು ನನ್ನನ್ನು ನಂಬಿ ಕೊಟ್ಟಿದ್ದರು.