ಒಂದೇ ಉಸಿರಿನ ಬೈಗುಳ

ನನ್ನ ಆಸ್ತಮಾ ಹಳೆಯದು. ಚಾಮರಾಜನಗರದ ಡಾಕ್ಟರು, "ಒಂದೇ ಉಸಿರಿಗೆ ಎಷ್ಟು ಮಾತಾಡ್ತೀರ, ನೋಡೋಣ" ಎಂದರು. ಹೆಸರು, ಊರು ಹೇಳುವಷ್ಟರಲ್ಲೇ ಎರಡು ಸಲ ನಿಂತೆ. ಎಕ್ಸ್‌ರೇ ಬರುವವರೆಗೆ ಹೊರಗೆ ಕೂರಿಸಿದರು.

ಅಲ್ಲೊಬ್ಬ ಸಾಲು ಬಿಟ್ಟು ಮುಂದೆ ನುಗ್ಗಿದ. ನನಗೆ ರೇಗಿಹೋಯಿತು.

"ಏನಪ್ಪ, ನಾವೆಲ್ಲ ಹೊತ್ತಾರೆಯಿಂದ ಕಡ್ಲೇಕಾಯಿ ತಿನ್ನಕೆ ಕುಂತಿದ್ದೀವಾ, ನಿಂದೊಂದೇ ಜೀವನಾ, ಓಗು ಇಂದಕ್ಕೆ!"

ಡಾಕ್ಟರು ಪರದೆ ಸರಿಸಿ ನಕ್ಕರು. "ಇಷ್ಟುದ್ದ ಬೈಯೋಕೆ ಉಸಿರು ಎಲ್ಲಿತ್ತಮ್ಮ?"

ನನಗೂ ಅದೇ ಸೋಜಿಗ. ಆದರೂ ಬಿಡಲಿಲ್ಲ. "ಆಗಿದ್ರೆ ನಂದು ನಾಟಕವಾ?"

"ಅಲ್ಲ. ಕಾಯಿಲೆನೂ ನಿಜ, ಭಯಾನೂ ನಿಜ. ಉಸಿರು ಸ್ವಲ್ಪ ಕಟ್ಟಿದ್ರೆ ಹೆದರ್ತೀರ, ಹೆದರಿದ್ದಕ್ಕೆ ಇನ್ನಷ್ಟು ಕಟ್ಟುತ್ತೆ. ಈಗ ಸಿಟ್ಟಲ್ಲಿ ಹೆದರೋದನ್ನೇ ಮರೆತ್ರಿ."

ಅಂದಿನಿಂದ ಸಂತೆಮರಹಳ್ಳಿಯ ನಮ್ಮ ಮನೆಯಲ್ಲಿ ಒಂದು ಪ್ರಯೋಗ ಶುರುವಾಯಿತು. ಎದೆ ಬಿಗಿದಂತಾದರೆ ಅದೇ ಬೈಗುಳವನ್ನು ಗಂಡನ ಮುಂದೆ ಒಪ್ಪಿಸುತ್ತೇನೆ. ಪೂರ್ತಿ ಬಂದರೆ ಹೆಚ್ಚಿನ ಪಾಲು ಭಯದ್ದು. ನಡುವೆ ತುಂಡಾದರೆ ಆಸ್ತಮಾದ್ದು. ಮೊದಮೊದಲು ಮುಖ ಊದಿಸಿಕೊಳ್ಳುತ್ತಿದ್ದ ಅವರು ಈಗ ಪಂಪ್‌ಸೆಟ್ಟಿನ ಸದ್ದು ಆಲಿಸುವವರಂತೆ ಕಿವಿಗೊಟ್ಟು ಕೇಳುತ್ತಾರೆ.

ಕಳೆದ ವಾರ "ಏನಪ್ಪ, ನಾವೆಲ್ಲ" ಎನ್ನುವಷ್ಟಕ್ಕೇ ಮಾತು ನಿಂತಿತು. ನಾನು ಕೈ ಚಾಚುವ ಮೊದಲೇ ಅವರು ಇನ್‌ಹೇಲರ್ ಹಿಡಿದು ಎದುರಿಗಿದ್ದರು. ಎಳೆದುಕೊಂಡೆ. ನಿಧಾನವಾಗಿ ಎದೆ ಸಡಿಲವಾಯಿತು. ಅವರು ಮಾತ್ರ ಅಲುಗಲಿಲ್ಲ.

"ಮಿಕ್ಕಿದ್ದನ್ನೂ ಬೈದ್ಬುಡು," ಎಂದರು. "ಅದ ಕೇಳೋಗಂಟ ನಂಗೂ ಉಸ್ರು ಬರಲ್ಲ ಕಣಮ್ಮಿ."