ಅಕ್ಕನ ಕುಬಸ ಮತ್ತು ನನ್ನ ಪೇಟಿ

ನನಗೆ ಪೇಟಿ ನುಡಿಸಲು ಕಲಿಸಿದವರು ಸತ್ತವರು. ಸುಳ್ಳಲ್ಲ. ಮಡಗಾಂವಿನ ಮೋತಿ ಡೊಂಗರ್‌ನಲ್ಲಿ ಘಟ್ಟದ ಮೇಲಿನಿಂದ ದುಡಿಯಲು ಬಂದ ನಮ್ಮ ಕಡೆಯವರು ಯಾರು ತೀರಿಕೊಂಡರೂ ಹೆಣದ ಮುಂದೆ ಕೂತು ಹಾಡುವ ಭಜನಾ ಮೇಳವೊಂದಿತ್ತು. ಅದರ ಹಾರ್ಮೋನಿಯಂ ಪೇಟಿಯವನು ಊರಿಗೆ ಹೋದವನು ತಿರುಗಿ ಬರಲಿಲ್ಲ. ಬೇರೆ ಯಾರೂ ಸಿಗದೆ ಆ ಜಾಗಕ್ಕೆ ನನ್ನನ್ನು ಕೂರಿಸಿದರು. ತಪ್ಪು ಸ್ವರ ಒತ್ತಿದರೂ ಕೇಳುವವರು ಅಳುತ್ತಲೇ ಇರುತ್ತಿದ್ದರು. ಅದು ನನ್ನ ನುಡಿಸಾಣಿಕೆಯ ಪ್ರಭಾವ ಎಂದು ನಾನು ಬಹಳ ದಿನ ನಂಬಿದ್ದೆ.

ಹೊಟ್ಟೆಪಾಡಿಗೆ ಕೊರ್ಲಿಮ್‌ನ ಒಂದು ಕಾರ್ಖಾನೆಯಲ್ಲಿ ಪೆಟ್ಟಿಗೆಗಳಿಗೆ ಟೇಪು ಸುತ್ತುತ್ತಿದ್ದೆ. ಭಾನುವಾರ ಮಾತ್ರ ಮೋತಿ ಡೊಂಗರ್‌ಗೆ ಬಂದು ಅಕ್ಕನ ಮನೆಯಲ್ಲಿ ಊಟ ಮಾಡಿ ಮೇಳ ಸೇರುತ್ತಿದ್ದೆ. ಯಾರಾದರೂ ಕೆಲಸದ ದಿನ ಸತ್ತರೆ ರಜೆಗಾಗಿ ಅವರನ್ನು ನನ್ನ ಕಾಕಾನನ್ನೋ ಅಜ್ಜಿಯನ್ನೋ ಮಾಡಿಕೊಳ್ಳುತ್ತಿದ್ದೆ. ಒಮ್ಮೆ ಸೂಪರ್‌ವೈಸರ್ ತಡೆಯಲಾರದೆ ಕೇಳಿದ, "ತುಮ್ಹಾರೆ ಘರ್ ಮೇ ಕೋಯಿ ಝಿಂದಾ ಭೀ ಹೈ ಕ್ಯಾ?"

ಮನೆಯಲ್ಲಿ ಜೀವಂತ ಇದ್ದವಳು ಒಬ್ಬಳೇ, ಅಕ್ಕ. ಅವ್ವ ಹೋಗಿ ಎರಡು ವರ್ಷವಾಗಿತ್ತು, ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಅಕ್ಕನ ಗಂಡ ಬಂದರಿನಲ್ಲಿ ಹಮಾಲಿ. ಒಮ್ಮೆ ಅವಳ ಬಸಿರು ನಿಲ್ಲದೆ ಹೋಗಿತ್ತು. ಈ ಸಲ ಏಳನೇ ತಿಂಗಳು ಬಂದಾಗ ಡಾಕ್ಟರು ಘಾಟಿನ ಬಸ್ಸು ಹತ್ತಲೇಬಾರದು ಎಂದಿದ್ದರು. ಊರಿನಲ್ಲಿ ಆಗಬೇಕಿದ್ದ ಕುಬಸ, ಅಂದರೆ ಸೀಮಂತ, ಮೋತಿ ಡೊಂಗರ್‌ನಲ್ಲೇ ಎಂದಾಯಿತು. ತವರಿನ ಸೀರೆ, ಹಸಿರು ಬಳೆ, ಉಡಿ ತುಂಬುವ ಸಾಮಾನು ಎಲ್ಲ ನನ್ನ ಮೇಲೆ ಬಿತ್ತು. ಇಡೀ ತವರುಮನೆ ಎಂದರೆ ನಾನು ಒಂದು ಜೀವ.

"ಸೀರಿ ಎಂಥಾದರ ತಾರಪಾ, ನಡೀತದ," ಎಂದಳು ಅಕ್ಕ. "ನಮ್ಮೂರಾಗ ಉಡಿ ತುಂಬೂ ಮುಂದ ಹಡದಾಕಿ ಬಯಕಿ ಪದಾ ಹಾಡ್ತಾಳ. ಅವ್ವ ಅಂತೂ ಇಲ್ಲ. ಅಕಿ ಪದಾ ಆದ್ರೂ ಬರ್ಲಿ. ನೀ ಪೇಟಿ ಮ್ಯಾಲ ನುಡಸು, ಸಾಕು."

ಅಷ್ಟು ಹೇಳಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಳು. ಆ ತಿಂಗಳುಗಳಲ್ಲಿ ಅವಳು ಕೈಯನ್ನು ಅಲ್ಲಿಂದ ತೆಗೆದದ್ದೇ ಕಡಿಮೆ. ನಗುವುದನ್ನೂ ಬಿಟ್ಟಿದ್ದಳು, ನಕ್ಕರೆ ಒಳಗಿನದು ಅಲುಗೀತು ಎಂಬಂತೆ.

ಆಯಿತು ಎಂದೆ. ಪೇಚು ಏನೆಂದರೆ, ನನಗೆ ಬರುತ್ತಿದ್ದ ಪದಗಳಲ್ಲಿ ಒಂದರಲ್ಲೂ ಯಾರೂ ಹುಟ್ಟುತ್ತಿರಲಿಲ್ಲ. ಎಲ್ಲದರಲ್ಲೂ ದೇಹ ಮಣ್ಣಾಗುತ್ತಿತ್ತು, ಇಲ್ಲವೇ ನೆಂಟರು ಮಸಣದ ತನಕ ಬಂದು ವಾಪಸಾಗುತ್ತಿದ್ದರು. ಊರಿನ ಚಿಗವ್ವನಿಗೆ ಫೋನು ಮಾಡಿದೆ. ಚಹಾದ ಬಿಡುವಿನಲ್ಲಿ ನಾನು ಕಾರ್ಖಾನೆಯ ಗೋಡೆಗೆ ಒರಗಿ ಒಂದು ಕಿವಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. ಆ ಕಡೆಯಿಂದ ಚಿಗವ್ವ ಎಮ್ಮೆಗೆ ಬೈಯುತ್ತ ನಡುನಡುವೆ ಒಂದೊಂದು ಸಾಲು ಹಾಡುತ್ತಿದ್ದಳು. ಧಾಟಿ ಸಿಕ್ಕಿತು. ಪ್ಯಾಕಿಂಗ್ ಟೇಬಲ್ಲಿನ ಅಂಚಿನ ಮೇಲೆ ಬೆರಳಾಡಿಸಿ ರೂಢಿ ಮಾಡಿದೆ. "ಟೈಪಿಂಗ್ ಶಿಕ್ತಾ ಕಿತೆಂ ರೇ ತೂಂ?" ಎಂದು ಸೂಪರ್‌ವೈಸರ್ ಕೇಳಿದ. ಹೌದು, ಟೈಪಿಂಗ್ ಕಲಿಯುತ್ತಿದ್ದೇನೆ ಎಂದೆ. ಅವನ ಕಣ್ಣಲ್ಲಿ ನನ್ನ ಬಗ್ಗೆ ಮೊದಲ ಸಲ ಗೌರವ ಮೂಡಿತು.

ಕುಬಸದ ಭಾನುವಾರ ಅಕ್ಕ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಸೀರೆ ನಾನೇ ತಂದದ್ದು. ಅಂಗಡಿಯ ದೀಪದಲ್ಲಿ ಗಿಳಿ ಹಸಿರಿದ್ದದ್ದು ಮನೆಯಲ್ಲಿ ಥೇಟ್ ಪೊಲೀಸ್ ಜೀಪಿನ ತಾಡಪಾಲಿನ ಹಾಗೆ ಕಾಣುತ್ತಿತ್ತು. ಹಿಡಿ ಗಾತ್ರದ ಕೋಣೆಯ ತುಂಬ ಹೆಂಗಸರು. ಬಾಗಿಲ ಬಳಿ ನಮ್ಮ ಮೇಳ: ತಾಳ ಹಿಡಿದ ಮುಖ್ಯಸ್ಥ ಗೌಂಡಿ ಕಾಕಾ, ತಬಲಾಕ್ಕೆ ವಿಜಯಪುರದ ಕಡೆಯ ಟೆಂಪೋ ಚಾಚಾ, ಹಿಂದೆ ದನಿಗೂಡಿಸುವ ನಾಲ್ಕು ಜನ. ಅಕ್ಕನ ಅತ್ತೆ ನನ್ನನ್ನು ನೋಡಿ, "ತಮ್ಮಾ, ಚಲೋತ್ನ್ಯಾಗ ನುಡಸಪಾ. ಈ ಸರ್ತೆ ಎಲ್ಲಾ ಸುಸೂತ್ರ ಆಗ್ಬೇಕು," ಎಂದರು. ಅವರ ದನಿಯಲ್ಲಿ ಹೆದರಿಕೆ ಇತ್ತು. ನಾನು ಪೇಟಿಯನ್ನು ಮುಂದಕ್ಕೆ ಎಳೆದುಕೊಂಡೆ.

ಮೊದಲ ಎರಡು ಸಾಲು ಸರಿಯಾಗಿ ಬಂದವು. ಅಕ್ಕ ಕಣ್ಣು ಮುಚ್ಚಿದಳು. ಅದನ್ನು ನೋಡಿದ್ದೇ ತಪ್ಪಾಯಿತು, ಅವ್ವ ನೆನಪಾದಳು. ಬೆರಳುಗಳು ತಮಗೆ ರೂಢಿಯಿದ್ದ ದಾರಿ ಹಿಡಿದವು.

ಇಲ್ಲಿ ಒಂದು ಮಾತು ಹೇಳಬೇಕು. ಹೆಣ ಎತ್ತುವ ಹೊತ್ತಾದಾಗ ಮೇಳ ನಿಧಾನದ ಪದ ಬಿಟ್ಟು ಚುರುಕಿನ ಒಂದು ಪದಕ್ಕೆ ಹೊರಳುತ್ತದೆ. ನಾವು ಅದನ್ನು ‘ಎತ್ತೋ ಪದ’ ಎನ್ನುತ್ತಿದ್ದೆವು. ಅದು ಶುರುವಾಯಿತೆಂದರೆ ಯಾರೂ ಏನೂ ಹೇಳಬೇಕಿಲ್ಲ. ಪೇಟಿ ಕೊರಳಿಗೆ ಬರುತ್ತದೆ, ತಬಲಾ ನಡುವಿಗೆ ಏರುತ್ತದೆ, ಎಲ್ಲರೂ ಎದ್ದು ನಡೆಯುತ್ತಾರೆ.

ನನ್ನ ಬೆರಳು ಹೊರಳಿದ್ದು ಆ ಪದಕ್ಕೆ.

ಚಾಚಾ ಯೋಚಿಸದೆ ತಬಲಾದ ಲಯ ಏರಿಸಿದರು. ಹಿಂದಿನ ನಾಲ್ವರು ದಡಕ್ಕನೆ ಎದ್ದರು. ಒಬ್ಬ ಟವೆಲ್ ಮಡಚಿ ಹೆಗಲಿಗೆ ಹಾಕಿಕೊಂಡು ಎತ್ತಲು ಏನೂ ಕಾಣದೆ ಅತ್ತಿತ್ತ ನೋಡಿದ. ಅವರನ್ನು ಯಾಕೆ ಬೈಯಲಿ, ಮೊದಲು ಎದ್ದವನು ನಾನೇ. ಪೇಟಿ ಕೊರಳಿಗೆ ಹಾಕಿಕೊಂಡು ಹೊಸ್ತಿಲು ದಾಟಿ ಓಣಿಯಲ್ಲಿ ಮಸಣದ ಕಡೆಗೆ ತಿರುಗಿಯೂ ಬಿಟ್ಟಿದ್ದೆ. ಗೌಂಡಿ ಕಾಕಾ ಹಿಂದಿನಿಂದ ಅಂಗಿ ಹಿಡಿದು ಜಗ್ಗದಿದ್ದರೆ ಅಕ್ಕನನ್ನು ಬಿಟ್ಟು ಕುಬಸವನ್ನು ಸುಡುಗಾಡಿಗೆ ಮುಟ್ಟಿಸಿ ಬರುತ್ತಿದ್ದೆ.

"ಮೂಳಾ, ಯಾರ್ ಸತ್ತಾರ ಅಂತ ಹೊಂಟೀಯೋ!"

ತಿರುಗಿ ನೋಡಿದೆ. ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಅವರು ಗೋಡೆ ಹಿಡಿದು ಕೂತು, "ಎಂಥಾ ಹೊತ್ತಿನ್ಯಾಗ ಎಂಥಾ ಪದಾ ಬಂತವ್ವಾ... ಸಾಕ್ ಮಾಡ್ರಿ, ಎಲ್ಲಾ ಸಾಕ್ ಮಾಡ್ರಿ," ಎಂದು ಅಳತೊಡಗಿದರು. ಯಾರೋ ಆರತಿ ತಟ್ಟೆಯನ್ನು ಕೆಳಗಿಟ್ಟರು. ನನಗೆ ಆ ಪೇಟಿಯೊಳಗೇ ಹೊಕ್ಕು ಮುಚ್ಚಿಕೊಳ್ಳೋಣ ಅನ್ನಿಸಿತು. ಏಳು ತಿಂಗಳಿಂದ ಹೆದರಿ ಹೆದರಿ ಕೂತವಳ ಮುಂದೆ, ಅವಳು ಬಾಯಿ ಬಿಟ್ಟು ಕೇಳಿದ ಒಂದೇ ಒಂದು ಪದವನ್ನು ನಾನು ಹೀಗೆ ಹಾಳು ಮಾಡಿದ್ದೆ.

ಆಗ ಮಣೆಯ ಮೇಲಿನಿಂದ ದನಿ ಬಂತು. "ಲೇ, ಒಳಗ ಬಾ. ಉಡಿ ಇನ್ನಾ ತುಂಬಿಲ್ಲ, ಆಗ್ಲೇ ಕಳಸಾಕ ಹೊಂಟೀಯಲ್ಲೋ ನನ್ನ!"

ಅಕ್ಕ ನಗುತ್ತಿದ್ದಳು. ತುಟಿಯ ನಗುವಲ್ಲ, ಹೊಟ್ಟೆ ಹಿಡಿದುಕೊಂಡು ಕುಲುಕುಲು ನಗು. ಬಳೆಗಳೆಲ್ಲ ಸದ್ದು ಮಾಡುತ್ತಿದ್ದವು. ನಡುವೆ "ಅಯ್ಯ" ಎಂದು ಥಟ್ಟನೆ ನಿಂತಳು.

"ಒದಿಯಾಕತ್ತೇತ್ರಿ ಅತ್ತೀ," ಎಂದಳು. "ನಕ್ಕಿದ್ದಕ್ಕ ಒದಿಯಾಕತ್ತೇತಿ. ಮುಟ್ಟಿ ನೋಡ್ರಿ." ಅತ್ತೆ ಕಣ್ಣೊರೆಸಿಕೊಂಡು ಬಂದು ಸೊಸೆಯ ಹೊಟ್ಟೆಯ ಮೇಲೆ ಕೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ನೀ ಬರೇ ಸ್ವರಾ ಹಿಡಿ," ಎಂದು ಅಕ್ಕ ನನಗೆ ಹೇಳಿದಳು. "ಪದಾ ನಾನ ಹಾಡ್ತೇನಿ."

ಕುಬಸದ ಹೆಣ್ಣು ತನ್ನ ಕುಬಸಕ್ಕೆ ತಾನೇ ಹಾಡುವುದು ಯಾವ ಊರಿನ ಪದ್ಧತಿಯೂ ಅಲ್ಲ. ಯಾರೂ ಬೇಡ ಎನ್ನಲಿಲ್ಲ. ನಾನು ಪೇಟಿಯ ಒಂದೇ ಸ್ವರದ ಮನೆ ಒತ್ತಿ ಹಿಡಿದು ಕೂತೆ. ಅಕ್ಕ ಹಾಡಿದಳು. ದನಿ ಒಡೆದು ಒಡೆದು ಬರುತ್ತಿತ್ತು, ಅವ್ವನದೂ ಹಾಗೇ ಇತ್ತು. ಪದದಲ್ಲಿ ತಾಯಿ ಮಗಳನ್ನು ಏನು ಬಯಕೆ ಎಂದು ಕೇಳುವಲ್ಲಿಗೆ ಬಂದು ಅಕ್ಕ ಮರೆತು ನಿಂತಳು. ಹೊಟ್ಟೆಯ ಮೇಲೆ ಕೈ ಇಟ್ಟಿದ್ದ ಅತ್ತೆ ಮೆಲ್ಲಗೆ ಮುಂದಿನ ಸಾಲು ಎತ್ತಿಕೊಂಡರು, ಮಾವಿನ ಮಿಡಿ ತರಲೇನ ಮಗಳ ಎಂದು.

"ಮಾವಿನ ಮಿಡಿ ಅಲ್ರಿ, ಹುಣಸಿ ಚಿಗರು," ಎಂದಳು ಅಕ್ಕ.

"ನಮ್ಮವ್ವ ಮಾವಿನ ಮಿಡಿ ಅಂತಿದ್ಲು."

"ನಮ್ಮವ್ವ ಹುಣಸಿ ಚಿಗರ ಅಂತಿದ್ಲ್ರಿ."

"ಆತವಾ, ಎರಡೂ ಹಾಡೂಣು. ಎರಡೂ ತಿನ್ನು."

ಎರಡನ್ನೂ ಹಾಡಿದರು. ಉಡಿ ತುಂಬಿದರು.

ಮಗು ಹುಟ್ಟಿದ ದಿನ ಕಾರ್ಖಾನೆಗೆ ಫೋನು ಮಾಡಿದವರು ಅತ್ತೆ. "ಹೆಣ್ಣಪಾ. ತಾಯಿ, ಕೂಸು ಇಬ್ರೂ ಆರಾಮ ಅದಾರ," ಎಂದು ಮೂಗೆಳೆದುಕೊಂಡು ಮುಂದುವರಿಸಿದರು, "ತೊಟ್ಲದಾಗ ಹಾಕೂ ದಿವ್ಸ ಪೇಟಿ ತಗೊಂಡ ಬಾ. ಕುಂತ ನುಡಸ್ಬೇಕು ಮತ್ತ. ಎದ್ದಿ ಅಂದ್ರ ಕಾಲ್ ಮುರೀತೇನಿ."