ಹಳೇ ಟ್ಯಾಂಕಿನ ಏಣಿ

ತಮಿಳು ಸೀಮೆಯ ಎಡಪ್ಪಾಡಿಯಲ್ಲಿ ಯಾರನ್ನು ದಾರಿ ಕೇಳಿದರೂ ಆ ಹಳೇ ನೀರಿನ ಟ್ಯಾಂಕಿನಿಂದಲೇ ಶುರುಮಾಡುತ್ತಾರೆ. ಅದನ್ನು ಕೆಡವಬೇಕೇ ಎಂದು ಪರೀಕ್ಷಿಸಲು ನನ್ನನ್ನು ಕಳಿಸಿದ್ದರು. ಹತ್ತಿ ನೋಡಿದರೆ ಟ್ಯಾಂಕು ಗಟ್ಟಿಯಾಗಿಯೇ ಇತ್ತು. ಕೈಕೊಟ್ಟಿದ್ದು ನನ್ನ ಕಾಲು. ಇಳಿಯುವಾಗ ಏಣಿಯ ನಡುವೆ ಮರಗಟ್ಟಿ ನಿಂತು, "ಅಯ್ಯೋ, ಬೀಳ್ತೀನಿ!" ಎಂದು ಕೂಗಿದೆ.

ಕೆಳಗಿದ್ದ, ವಾಲ್ವ್ ತಿರುಗಿಸುವ ಮುದುಕರೊಬ್ಬರು, ಅಲ್ಲಿಯವರೆಗೆ ತಮಿಳಾಡುತ್ತಿದ್ದವರು, ತಟ್ಟನೆ ಕನ್ನಡಕ್ಕೆ ಬಂದರು.

"ಎದರ್ಬ್ಯಾಡಿ ಸಾರ್. ಕೆಳಗೆ ನೋಡ್ದೆ ಒಂದೊಂದೇ ಮೆಟ್ಲು ಇಳೀರಿ. ಬೆಳಿಗ್ಗೆ ಏನ್ ತಿಂದ್ರಿ?"

"ಇಡ್ಲಿ."

"ಚಟ್ನಿ ಎಂಗಿತ್ತು?"

ಚಟ್ನಿ, ಮಕ್ಕಳು, ಹೆಂಡತಿಯ ತವರೂರು ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಕಾಲಿಗೆ ನೆಲ ಸಿಕ್ಕಿತು. ಅವರ ಎರಡೂ ಕೈ ಹಿಡಿದುಕೊಂಡೆ.

"ನೀವು ಎಷ್ಟು ಸಲ ಹತ್ತಿದ್ದೀರಿ, ಅಯ್ಯಾ?"

"ನಾನಾ? ಒಂದ್ ಸಲಾನೂ ಇಲ್ಲ ಸಾರ್. ನಂಗೆ ಬಯ."

ಅದು ಮೊದಲೇ ಗೊತ್ತಾಗಿದ್ದರೆ ನಾನಿನ್ನೂ ಏಣಿಯ ಮೇಲೇ ಇರುತ್ತಿದ್ದೆ.